ಅಪ್ಪನ ಪಿಕಪ್ಪಿಗೆ ಬ್ರೆಡ್ ವ್ಯಾನಿನ ಎಂಜಿನ್

ಮಾಲ್ಟಾ, ಮೊಂಟಾನಾ
೨೨ ಮಾರ್ಚ್ ೨೦೦೯

ಪ್ರೀತಿಯ ತಂಗಿ ಥೋರಾ,

ಕ್ರಿಸ್‌ಮಸ್ಸಿಗೆ ಬರೆದ ಕಾಗದಕ್ಕೆ ಮಾರ್ಚ್ ಕೊನೆಯಲ್ಲಿ ಉತ್ತರ ಕೊಡುವ ಅಣ್ಣನನ್ನು ಬೈದುಕೊಂಡೇ ಈ ಲಕೋಟೆ ಒಡೆದಿರುತ್ತೀಯ. ಬೈದುಕೋ. ಜನವರಿಯಲ್ಲಿ ಚಳಿ ಅಂತ ಬರೆಯಲಿಲ್ಲ, ಫೆಬ್ರವರಿಯಲ್ಲಿ ಹಸುಗಳು ಕರು ಹಾಕಲು ಶುರುಮಾಡಿದವು ಅಂತ ಬರೆಯಲಿಲ್ಲ. ಎರಡೂ ನಿಜವೇ. ಆದರೆ ತಡವಾದದ್ದು ಅವುಗಳಿಂದಲ್ಲ, ನಿನ್ನ ಕಾಗದದ ಕೊನೇ ಪುಟದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ಅರ್ಡಿಸ್‌ಗೆ ಮೊಣಕಾಲು ನೋವು, ನಾಲಿಗೆಗೆ ಏನೂ ಆಗಿಲ್ಲ. ನಿನಗೆ ಕಿವಿ ಕೇಳುತ್ತಿದ್ದರೆ ಫೋನಿನಲ್ಲೇ ಎಲ್ಲ ಹೇಳಿ ಮುಗಿಸುತ್ತಿದ್ದೆ. "ಥೋರಾ ಕಿವಿ ಹೋದ ಮೇಲೆ ನಿನ್ನ ಕೈಬರಹ ಸುಧಾರಿಸ್ತು" ಎನ್ನುತ್ತಾಳೆ ಅರ್ಡಿಸ್. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಎಪ್ಪತ್ತಾರರಲ್ಲಿ ಅಕ್ಷರ ದುಂಡಗಾದರೆ ಅದೂ ಒಂದು ಲಾಭ.

ಸುದ್ದಿ ಏನೆಂದರೆ, ಅಪ್ಪನ ಹಸಿರು ಪಿಕಪ್ಪಿನ ಎಂಜಿನ್ ನವೆಂಬರಿನಲ್ಲಿ ಸತ್ತಿತು. ಎಪ್ಪತ್ತೆರಡರಲ್ಲಿ ಹೊಸದಾಗಿ ಬಂದ ಗಾಡಿ. ಇಷ್ಟು ವರ್ಷ ಪೆಟ್ರೋಲ್ ಕುಡಿದು ಕುಡಿದು, ಕೊನೆಗೆ ಲೋಟದೊಳಗೆ ಚಮಚ ಅಲ್ಲಾಡಿಸಿದ ಹಾಗೆ ಸದ್ದು ಮಾಡಿ ಕೊಟ್ಟಿಗೆಯ ಮುಂದೆಯೇ ನಿಂತಿತು. ಪಕ್ಕದ ರ‍್ಯಾಂಚಿನ ರೋಲಿ ಬಂದು ಬಾನೆಟ್ ಎತ್ತಿ ನೋಡಿ ಟೋಪಿ ತೆಗೆದ. ಹೆಣದ ಮುಂದೆ ತೆಗೆಯುವ ಹಾಗೆ.

"ಗುಜರಿಗೆ ಹಾಕಯ್ಯ ಆರ್ವಿಡ್," ಅಂದ.

"ನಿನ್ನನ್ನ ಹಾಕಿದ ಮೇಲೆ," ಅಂದೆ.

ಆದರೆ ದಾರಿ ತೋರಿಸಿದವನೂ ಅವನೇ. ಪೇಟೆಯ ಒಂದು ಬೇಕರಿಯವರು ತಮ್ಮ ಹಳೇ ಬ್ರೆಡ್ ವ್ಯಾನನ್ನು ಮಾರುತ್ತಿದ್ದಾರೆಂದು ಕೇಳಿಕೊಂಡು ಬಂದ. ಮೈಯೆಲ್ಲ ತುಕ್ಕು, ಒಳಗಿರುವ ಡೀಸೆಲ್ ಎಂಜಿನ್ ಮಾತ್ರ ಗುಂಡುಕಲ್ಲು. ನಾಲ್ಕೇ ಸಿಲಿಂಡರು, ಆದರೂ ಎಂಟುನೂರು ಪೌಂಡಿನ ಹತ್ತಿರ ತೂಕ. ಮನೆಮನೆಗೆ ನಿಂತು ನಿಂತು ಹೋಗುವ ಗಾಡಿಗೆ ಮಾಡಿದ್ದು. ಆತುರ ಇಲ್ಲ, ಸಾವೂ ಇಲ್ಲ. ಪೆಟ್ರೋಲ್ ಎಂಜಿನ್ ತೆಗೆದು ಇದನ್ನು ಕೂರಿಸಿಕೊಂಡವರು ಇತ್ತೀಚೆಗೆ ಈ ಕಡೆ ತುಂಬ ಜನ. ನಾನೂ ಪುಸ್ತಕ ತರಿಸಿ ಚಳಿಗಾಲವೆಲ್ಲ ಓದಿದೆ.

ವ್ಯಾನನ್ನು ಎಳೆದುಕೊಂಡು ಬಂದ ದಿನ ಅದರ ಸೀಟಿನ ಅಡಿಯಲ್ಲಿ ಒಂದು ಬನ್ನು ಸಿಕ್ಕಿತು. ಯಾವ ಕಾಲದ್ದೋ. ಅರ್ಡಿಸ್ ಅದನ್ನು ಮೇಜಿಗೆ ಕುಟ್ಟಿದಳು, ಟಣ್ ಎಂದಿತು. "ಮದುವೆಯಾದ ಮೊದಲನೇ ವರ್ಷ ನಾನು ಮಾಡ್ತಿದ್ದ ಬ್ರೆಡ್ ಹಿಂಗೇ ಇತ್ತು. ನೀನು ಮಾತಾಡ್ದೆ ತಿಂದೆ," ಅಂದಳು. ಮಾತಾಡದೆ ಇರುವುದು ನಮ್ಮ ಮನೆತನದ ಗುಣ ಎಂದು ಸೇರಿಸಿದಳು. ಅಲ್ಲಿಂದ ನಿನ್ನ ಕೊನೇ ಪುಟಕ್ಕೆ ಬರಲೇಬೇಕಾಯಿತು.

ನೀನು ಬರೆದದ್ದನ್ನು ಬಾಯಿಪಾಠ ಮಾಡಿದ್ದೇನೆ. "ಡಾಕ್ಟರು ನನ್ನ ಹೃದಯದ ಬಗ್ಗೆ ಒಳ್ಳೆ ಮಾತು ಆಡಲಿಲ್ಲ. ನನ್ನ ಶವಪೆಟ್ಟಿಗೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ, ಮುಖ ತಿರುಗಿಸಿಕೊಂಡು ನನ್ನ ಇಬ್ಬರು ಅಣ್ಣಂದಿರು ನಿಲ್ಲುವುದು ನನಗೆ ಬೇಡ. ಸೆವೆರಿನ್ ಹತ್ತಿರ ಒಂದು ಮಾತು ಆಡು. ಬಿಸಿಲು ಜಾಸ್ತಿ ಅಂದರೂ ಸಾಕು." ಅವನಿಗೂ ಇದನ್ನೇ ಬರೆದೆಯೋ, ನನಗೊಬ್ಬನಿಗೇ ಬರೆದೆಯೋ ತಿಳಿಯದು. ನನಗೊಬ್ಬನಿಗೇ ಬರೆದಿದ್ದರೆ ಅದು ಅನ್ಯಾಯ ಥೋರಾ, ಏಕೆಂದರೆ ಅವನು ನನಗಿಂತ ಮೂರು ವರ್ಷಕ್ಕೆ ದೊಡ್ಡವನು.

ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಿಂದ ನೀನು ಕೇಳಿಲ್ಲ. ಎಪ್ಪತ್ತೆಂಟರಲ್ಲಿ ಅಪ್ಪನ ಸಾಮಾನು ಹರಾಜಿಗೆ ಇಟ್ಟ ದಿನ ಊರೆಲ್ಲ ಅಂಗಳದಲ್ಲಿತ್ತು. ಸತ್ತವನ ಮಗ ಒಂದು ಸಾಮಾನಿಗೆ ಕೈ ಎತ್ತಿದರೆ ಉಳಿದವರು ಕೈಗಳನ್ನು ಜೇಬಿಗೆ ಹಾಕಿಕೊಳ್ಳುವುದು ನಮ್ಮ ಕಡೆಯ ರೀತಿ. ಪಿಕಪ್ಪಿಗೆ ನಾನು ಕೈ ಎತ್ತಿದೆ. ಎಲ್ಲರೂ ಜೇಬಿಗೆ ಹಾಕಿಕೊಂಡರು. ಸೆವೆರಿನ್ ಮಾತ್ರ ಕೈ ಎತ್ತಿದ. ನಾನು ಏರಿಸಿದೆ, ಅವನು ಏರಿಸಿದ. ಹರಾಜು ಕೂಗುವವನು ಒಂದು ಸಲ ನಿಲ್ಲಿಸಿ, "ನೀವಿಬ್ರೂ ಒಳಗೆ ಹೋಗಿ ಮಾತಾಡ್ಕೊಂಡು ಬನ್ರಪ್ಪ," ಅಂದ. ಯಾರೂ ಹೋಗಲಿಲ್ಲ. ಕೊನೆಗೆ ಗಾಡಿ ನನ್ನದಾಯಿತು, ಹೊಸದಕ್ಕೆ ಕೊಡುವ ಬೆಲೆಗೆ. ಜನ ನೆಲ ನೋಡಿಕೊಂಡು ಕಾಫಿ ಕುಡಿದರು. ಅಂದಿನಿಂದ ನಾವು ಮಾತಾಡಿಲ್ಲ. ಮಾತಾಡಬಾರದು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಒಂದು ವಾರ ಆಯಿತು, ಒಂದು ವರ್ಷ ಆಯಿತು, ಈಗ ಮೂವತ್ತೊಂದು.

ಹಾಗಂತ ಕೊಟ್ಟು ತರುವುದು ನಿಂತಿದೆಯೆಂದು ತಿಳಿಯಬೇಡ. ಅವನ ಹೆಂಡತಿ ಕೊರಿನ್ ದಿನಾ ಬೆಳಿಗ್ಗೆ ಅರ್ಡಿಸ್‌ಗೆ ಫೋನ್ ಮಾಡುತ್ತಾಳೆ. ನಮ್ಮ ಹಸು ಬೇಲಿ ದಾಟಿದ್ದು ಅವರಿಬ್ಬರ ಮೂಲಕವೇ ನನಗೆ ತಿಳಿಯುವುದು. ಗಾಡಿಯ ಕೀ ಗಾಡಿಯಲ್ಲೇ ಇರುವುದು ಇಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಬೇಕಾದವನು ಒಯ್ಯುತ್ತಾನೆ, ಟ್ಯಾಂಕ್ ತುಂಬಿಸಿ ತಂದು ನಿಲ್ಲಿಸುತ್ತಾನೆ. ಸೆವೆರಿನ್ ನನ್ನ ಟ್ರಾಕ್ಟರ್ ಒಯ್ದಿದ್ದಾನೆ, ನಾನು ಅವನ ಕುದುರೆ ಟ್ರೈಲರ್ ತಂದಿದ್ದೇನೆ. ಅಪ್ಪನ ಪಿಕಪ್ಪನ್ನು ಮಾತ್ರ ಅವನು ಯಾವತ್ತೂ ಮುಟ್ಟಿಲ್ಲ.

ಹುಲ್ಲು ಕೊಯ್ಲು ಮುಗಿಯುವುದರೊಳಗೆ ಒಂದು ಮಾತು ಆಡುತ್ತೇನೆ. ಇದು ಮಾತು. ನಿನ್ನ ಹೃದಯವನ್ನು ಅಲ್ಲಿಯವರೆಗೆ ಜೋಪಾನ ಮಾಡಿಕೋ.

ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಸಣ್ಣಣ್ಣ,
ಆರ್ವಿಡ್


ಮಾಲ್ಟಾ
೨೪ ಮೇ ೨೦೦೯

ಪ್ರೀತಿಯ ಥೋರಾ,

ಎರಡು ತಿಂಗಳು ಸುಮ್ಮನಿದ್ದೆ, ಕ್ಷಮಿಸು. ಈ ಸಲ ನಿಜವಾಗಿಯೂ ಎಂಜಿನ್ನಿನ ತಪ್ಪು. ಕಾಗದದ ಮೇಲೆ ಗ್ರೀಸಿನ ಬೆರಳು ಬಿದ್ದಿದ್ದರೆ ಅದನ್ನು ಸಹಿ ಅಂತಲೇ ತಿಳಿದುಕೋ.

ಹೊಸ ಗುಳಿಗೆಯಿಂದ ನಿನಗೆ ನಿದ್ದೆ ಬರುತ್ತಿದೆ ಎಂದು ಓದಿ ನೆಮ್ಮದಿಯಾಯಿತು. ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡು. ಮೇಲಿನ ಕೋಣೆಯಲ್ಲಿ ಏನಿದೆ, ಹಳೇ ಪತ್ರಿಕೆ ತಾನೇ.

ಎಂಜಿನ್ ಕೂತಿತು. ಒಂದೇ ಸಲಕ್ಕೆ ಅಲ್ಲ. ಮೊದಲ ಸಲ ಚೈನಿನಲ್ಲಿ ಇಳಿಸಿದಾಗ ಎಂಜಿನ್ನಿನ ಹೊಟ್ಟೆಯಲ್ಲಿರುವ ಆಯಿಲ್ ತೊಟ್ಟಿ ಮುಂದಿನ ಅಡ್ಡಪಟ್ಟಿಗೆ ತಗುಲಿತು. ಒಂದೂವರೆ ಇಂಚು. ಪುಸ್ತಕದ ಅಳತೆ ಹಿಡಿದು ಜಾಗವನ್ನು ನಾನು ಮೂರು ಸಲ ಅಳೆದಿದ್ದೆ. ರೋಲಿ ಟೇಪು ಇಸಿದುಕೊಂಡು ನೋಡಿ, "ಇದರ ತುದಿ ಒಂದೂವರೆ ಇಂಚು ಮುರಿದುಹೋಗಿದ್ಯಲ್ಲಯ್ಯ, ಯಾವಾಗಿಂದ ಇದರಲ್ಲಿ ಅಳೀತಿದ್ದೀಯ?" ಅಂದ. ಅಡುಗೆಮನೆಯ ಕಪಾಟನ್ನೂ ಅದರಲ್ಲೇ ಅಳೆದಿದ್ದೆ. ಕಪಾಟಿನ ಬಾಗಿಲು ಇಪ್ಪತ್ತು ವರ್ಷದಿಂದ ಮುಚ್ಚಿಕೊಳ್ಳದ ಕಾರಣ ಅರ್ಡಿಸ್‌ಗೆ ಆ ದಿನ ಸಿಕ್ಕಿತು. ಊಟಕ್ಕೆ ಕರೆಯಲಿಲ್ಲ.

ಅಡ್ಡಪಟ್ಟಿಯನ್ನು ಕೊಯ್ದು ತಗ್ಗಿಸಿ ಮತ್ತೆ ವೆಲ್ಡ್ ಮಾಡಿದೆವು. ಭಾರ ತಡೆಯಲು ಮುಂದಿನ ಸ್ಪ್ರಿಂಗುಗಳನ್ನು ಬೇರೆ ಗಾಡಿಯಿಂದ ಬಿಚ್ಚಿ ಹಾಕಿದೆವು. ಗೇರ್ ಪೆಟ್ಟಿಗೆಗೂ ಎಂಜಿನ್ನಿಗೂ ನಡುವೆ ಕೂರುವ ದಪ್ಪ ತಟ್ಟೆಯೊಂದನ್ನು ತರಿಸಿಕೊಂಡೆವು. ಟ್ಯಾಂಕನ್ನು ಬಿಚ್ಚಿ ಪೆಟ್ರೋಲಿನ ವಾಸನೆ ಹೋಗುವವರೆಗೆ ತೊಳೆದೆವು. ಮೇ ಒಂಬತ್ತಕ್ಕೆ ಕೀ ತಿರುಗಿಸಿದೆ. ಒಂದು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಹಿಡಿದುಕೊಂಡಿತು. ಸದ್ದು ಹೇಗೆ ಹೇಳಲಿ, ತಗಡಿನ ಡಬ್ಬದೊಳಗೆ ನಾಲ್ಕು ಜನ ಕಮ್ಮಾರರು ಕೂತ ಹಾಗೆ. ಗಾಡಿಯಲ್ಲಿ ಎಲ್ಲವೂ ನಡುಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಒಂದು ಹಸು ಎರಡಾಗಿ ಕಾಣುತ್ತದೆ. "ಹಂಗಾದ್ರೆ ಬ್ಯಾಂಕಿನವರನ್ನ ಇದರಲ್ಲೇ ಕೂರಿಸಿಕೊಂಡು ಹೋಗಿ ಮಂದೆ ತೋರಿಸು," ಅಂದ ರೋಲಿ.

ನಿಲ್ಲಿಸುವುದು ಇನ್ನೊಂದು ಕಥೆ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕೀ ತಿರುಗಿಸಿದರೆ ಕಿಡಿ ಸಾಯುತ್ತದೆ, ಎಂಜಿನ್ನೂ ಸಾಯುತ್ತದೆ. ಇದಕ್ಕೆ ಕಿಡಿಯೇ ಇಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಓಡುತ್ತಲೇ ಇರುತ್ತದೆ. ಡೀಸೆಲ್ ಬರುವ ದಾರಿಯನ್ನೇ ಮುಚ್ಚಬೇಕು. ಅದಕ್ಕೆ ಸ್ಟೇರಿಂಗಿನ ಕೆಳಗೆ ಒಂದು ಗುಂಡಿ ಕೂರಿಸಿ ತಂತಿ ಎಳೆದಿದ್ದೇನೆ. ಎಳೆದರೆ ನಿಲ್ಲುತ್ತದೆ. ತಿಳಿದವನಿಗೆ ಸುಲಭ.

ಉಳಿದದ್ದು ಬ್ರೇಕು. ಇದು ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ ನನ್ನ ತಲೆಗೆ ಬಂತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ಅಪ್ಪ ತನ್ನ ಕೆಟ್ಟ ಮೊಣಕಾಲಿಗಾಗಿ ಹಗುರವಾಗಿ ಒತ್ತುವ ಬ್ರೇಕು ಹಾಕಿಸಿದ್ದ, ನೆನಪಿದೆಯಾ? ಆ ಹಗುರ ಎಲ್ಲಿಂದ ಬರುತ್ತಿತ್ತು ಗೊತ್ತಾ? ಎಂಜಿನ್ನಿನಿಂದ. ಪೆಟ್ರೋಲ್ ಎಂಜಿನ್ ಮೂಗು ಹಿಡಿದುಕೊಂಡು ಉಸಿರೆಳೆಯುತ್ತದೆ, ಒಳಗೆ ಒಂದು ಹೀರುವ ಬಲ ಹುಟ್ಟುತ್ತದೆ. ಆ ಬಲವೇ ನಮ್ಮ ಕಾಲಿನ ಜೊತೆ ಸೇರಿ ಬ್ರೇಕು ಒತ್ತುತ್ತಿತ್ತು. ಡೀಸೆಲ್ ಬಾಯಿ ತೆರೆದುಕೊಂಡು ಉಸಿರಾಡುತ್ತದೆ. ಹೀರುವುದೇ ಇಲ್ಲ. ಹಾಗಾಗಿ ಪೆಡಲು ಈಗ ಕಲ್ಲು. ಎರಡು ಕಾಲಿಟ್ಟು ಒತ್ತಿದರೆ ಅಂಗಳದಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಾನು ಖಾತ್ರಿ ಕೊಡಲಾರೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಎಂಜಿನ್ ಗಾಡಿಯನ್ನು ಹಿಂದಕ್ಕೆ ಹಿಡಿಯುವಷ್ಟು ಇದು ಹಿಡಿಯುವುದೂ ಇಲ್ಲ. ಆ ಹೀರುವ ಬಲ ಹುಟ್ಟಿಸುವ ಒಂದು ಪುಟ್ಟ ಪಂಪು ಬೇಕು. ಬ್ರೆಡ್ ವ್ಯಾನಿನ ಬ್ರೇಕು ಬೇರೆ ಪದ್ಧತಿಯದು, ಅದರ ಸಾಮಾನು ಇದಕ್ಕೆ ಕೂರುವುದಿಲ್ಲ. ಪಂಪಿಗೆ ಬರೆದಿದ್ದೇನೆ, ಜೂನ್ ಕೊನೆಗೆ ಬರುತ್ತದಂತೆ. ಅಲ್ಲಿಯವರೆಗೆ ಅಂಗಳದಲ್ಲೇ ಓಡಿಸಿ ಖುಷಿಪಡುತ್ತೇನೆ.

ಈಗ ನೀನು ಕಾಯುತ್ತಿರುವ ವಿಷಯ. ಹೋದ ಶನಿವಾರ ರೋಲಿಯ ಕರುಗಳಿಗೆ ಮುದ್ರೆ ಹಾಕುವ ದಿನ. ಸುತ್ತಲಿನವರೆಲ್ಲ ಸೇರಿದ್ದೆವು. ವಯಸ್ಸಾದವರಿಗೆ ನಿಂತಲ್ಲೇ ಮಾಡುವ ಕೆಲಸ ಕೊಡುತ್ತಾರೆ: ನನಗೆ ಕಾದ ಕಬ್ಬಿಣ, ಸೆವೆರಿನ್‌ಗೆ ಲಸಿಕೆಯ ಸೂಜಿ. ಹುಡುಗರು ಕರುವನ್ನು ಕೆಡವಿ ಹಿಡಿದರೆ, ತಲೆಯ ಕಡೆ ಅವನು, ತೊಡೆಯ ಕಡೆ ನಾನು. ಬೆಳಗಿನಿಂದ ನೂರಾ ನಲವತ್ತು ಕರು. ಅವನ ಟೋಪಿಯ ಅಂಚು, ನನ್ನ ಟೋಪಿಯ ಅಂಚು ಎರಡು ಸಲ ತಗುಲಿದವು.

ರೋಲಿಗೆ ತಡೆಯಲಾಗಲಿಲ್ಲ. "ಇಬ್ಬರದೂ ಸೇರಿ ನೂರೈವತ್ತೈದು ವರ್ಷ ಆಯ್ತು. ಒಬ್ಬರಿಗೊಬ್ಬರು ಬೇಡ, ಆ ಕರುವಿಗಾದ್ರೂ ಏನಾದ್ರೂ ಹೇಳ್ರಪ್ಪ," ಎಂದು ಕೂಗಿದ.

ಸೆವೆರಿನ್ ಕರುವಿನ ಕಿವಿಯ ಹತ್ತಿರ ಬಗ್ಗಿದ. "ಮಗಾ, ಆ ಕಬ್ಬಿಣ ಇನ್ನೂ ಸರಿಯಾಗಿ ಕಾದಿಲ್ಲ. ನಿಂಗೆ ಎರಡು ಸಲ ಸುಡ್ತಾರೆ ನೋಡು," ಅಂದ. ಎಲ್ಲರೂ ನಕ್ಕರು. ಕಬ್ಬಿಣ ನಿಜವಾಗಿಯೂ ಕಾದಿರಲಿಲ್ಲ. ನಾನೂ ಕರುವಿಗೆ ಏನಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಕರುವನ್ನು ಬಿಟ್ಟುಬಿಟ್ಟರು.

ಊಟದ ಹೊತ್ತಿಗೆ ಕೊರಿನ್ ನನ್ನ ತಟ್ಟೆಗೆ ಬೀನ್ಸ್ ಬಡಿಸುತ್ತ, "ಅವರು ರಾತ್ರಿ ಎಲ್ಲ ನಿಮ್ಮ ಎಂಜಿನ್ ವಿಷಯಾನೇ ಕೇಳ್ತಿರ್ತಾರೆ. ಯಾವ ತಟ್ಟೆ ಹಾಕಿದ, ಯಾವ ಸ್ಪ್ರಿಂಗ್ ಹಾಕಿದ ಅಂತ. ನಂಗೇನು ಗೊತ್ತು? ಬಂದು ನೋಡು ಅನ್ನಿ ಅವರಿಗೆ ಒಂದ್ಸಲ," ಅಂದಳು. ನೀನೇ ಹೇಳು ಅಂದೆ. ನೀವೇ ಹೇಳಿ ಅಂದಳು.

ಹುಲ್ಲು ಕೊಯ್ಲಿಗೆ ಇನ್ನೂ ಟೈಮಿದೆ ಥೋರಾ. ನಾನು ಮರೆತಿಲ್ಲ.

ಅರ್ಡಿಸ್ ನಿನಗೆ ಲೆಫ್ಸೆ ರೊಟ್ಟಿ ಕಳಿಸುತ್ತಿದ್ದಾಳೆ, ಬಿಸಿ ಮಾಡಿಕೊಂಡು ತಿನ್ನು. ಬೆಣ್ಣೆ ಸ್ವಲ್ಪವೇ ಹಚ್ಚಿಕೋ.

ನಿನ್ನ,
ಆರ್ವಿಡ್


ಮಾಲ್ಟಾ
೧೯ ಜುಲೈ ೨೦೦೯

ಪ್ರೀತಿಯ ತಂಗಿ ಥೋರಾ,

ನೀನು ಸುಖವಾಗಿ ಮನೆ ಮುಟ್ಟಿದ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಆ ಹೃದಯ ಇಟ್ಟುಕೊಂಡು, ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದು, ಆಸ್ಪತ್ರೆಯ ಗಟ್ಟಿ ಕುರ್ಚಿಯಲ್ಲಿ ಹನ್ನೊಂದು ದಿನ ಕಳೆದೆ. ನಿನ್ನಂಥ ತಂಗಿಗೆ ನಾವಿಬ್ಬರೂ ಲಾಯಕ್ಕಲ್ಲ ಎಂದು ಸೆವೆರಿನ್ ನಿನ್ನೆ ಹೇಳಿದ. ನಾನೂ ಹೌದು ಅಂದೆ. ನೋಡು, ಈಗ ನಾವು ಒಪ್ಪಿಕೊಳ್ಳುವ ಮಟ್ಟಕ್ಕೂ ಬಂದಿದ್ದೇವೆ.

ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು, ಒಬ್ಬೊಬ್ಬರು ಒಂದೊಂದು ತುಂಡು ಹೇಳಿದರು. ಪೂರ್ತಿ ಬರೆದು ಕಳಿಸು ಎಂದು ಕೇಳಿದ್ದೀಯ. ಬರೆಯುತ್ತೇನೆ.

ಜೂನ್ ಹದಿನೆಂಟು, ಗುರುವಾರ. ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಸೆವೆರಿನ್‌ನ ಮೇಲಿನ ಹುಲ್ಲುಗಾವಲಿನಲ್ಲಿ ನೀರೆತ್ತುವ ಪಂಪು ಕೆಟ್ಟು ದನಗಳು ಬೆಳಗಿನಿಂದ ಖಾಲಿ ತೊಟ್ಟಿಯ ಸುತ್ತ ನಿಂತಿದ್ದವು. ಪಂಪಿನ ಸಾಮಾನು ತರಲು ಮಾಲ್ಟಾಕ್ಕೆ ಹೊರಟವನ ಗಾಡಿ ನಮ್ಮ ಗೇಟಿನಿಂದ ಅರ್ಧ ಮೈಲಿ ಆಚೆ ಕುದಿದು ನಿಂತಿತು. ಅವನು ಇಳಿದು ನಮ್ಮ ಅಂಗಳಕ್ಕೆ ನಡೆದು ಬಂದ. ಯಾರಾದರೂ ಹಾಗೇ ಮಾಡುತ್ತಿದ್ದರು. ನಮ್ಮ ಓಡಾಟದ ಗಾಡಿಯನ್ನು ಅರ್ಡಿಸ್ ಚರ್ಚಿನ ಕೆಲಸಕ್ಕೆ ಒಯ್ದಿದ್ದಳು. ಅಂಗಳದಲ್ಲಿದ್ದದ್ದು ಅಪ್ಪನ ಪಿಕಪ್ ಒಂದೇ. ಕೀ ಅದರಲ್ಲೇ ಇತ್ತು. ಗೇಟೂ ತೆರೆದೇ ಇತ್ತು, ಬೆಳಿಗ್ಗೆ ಹುಲ್ಲಿನ ಯಂತ್ರ ತರಲು ನಾನೇ ತೆರೆದಿದ್ದೆ.

ಗೇಟಿನಿಂದ ಮುಕ್ಕಾಲು ಮೈಲಿ ರಸ್ತೆ ಸಮತಟ್ಟು. ಆಮೇಲೆ ತೊರೆಯ ಕಣಿವೆಗೆ ಇಳಿಯುತ್ತದೆ, ನಿನಗೆ ಗೊತ್ತಲ್ಲ, ಚಿಕ್ಕವರಿದ್ದಾಗ ನಾವು ಜಾರುಬಂಡಿ ಎಳೆದುಕೊಂಡು ಹೋಗುತ್ತಿದ್ದ ಇಳಿಜಾರು. ಅಲ್ಲಿ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ, ಎಂಜಿನ್ ಹಿಡಿಯಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟ, ಪೆಡಲು ಅಲ್ಲಾಡಲಿಲ್ಲ. ಕೀ ತಿರುಗಿಸಿ ತೆಗೆದೇಬಿಟ್ಟ, ಎಂಜಿನ್ ಓಡುತ್ತಲೇ ಇತ್ತು. ಕೀ ಅವನ ಮುಷ್ಟಿಯೊಳಗೇ ಸಿಕ್ಕಿತು ಎಂದು ಮೊದಲು ತಲುಪಿದ ರೋಲಿ ಹೇಳಿದ. ಸೇತುವೆಯ ತಿರುವಿನಲ್ಲಿ ಗಾಡಿ ತೊರೆಗೆ ಮಗುಚಿತು. ನೀರು ಮೊಣಕಾಲುದ್ದ ಇತ್ತು, ಅದರಿಂದ ಜೀವ ಉಳಿಯಿತು. ಎಡಗಾಲು ಎಂಜಿನ್ನಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿತ್ತು. ಹೆಲಿಕಾಪ್ಟರಿನಲ್ಲಿ ಬಿಲ್ಲಿಂಗ್ಸ್‌ಗೆ ಒಯ್ದರು. ಮೊಣಕಾಲಿನ ಕೆಳಗೆ ಉಳಿಸಲಾಗಲಿಲ್ಲ.

ಪೊಲೀಸ್ ಡೆಪ್ಯುಟಿ ಬಂದು ಒಂದು ಪುಟ ಬರೆದುಕೊಂಡು ಹೋದ. ಗಾಡಿ ರಿಪೇರಿಯಲ್ಲಿತ್ತು, ಬ್ರೇಕು ಪೂರ್ತಿಯಾಗಿರಲಿಲ್ಲ, ಒಯ್ದವನಿಗೆ ತಿಳಿದಿರಲಿಲ್ಲ, ಮಾಲೀಕ ಹತ್ತಿರ ಇರಲಿಲ್ಲ. ಇಲ್ಲಿ ಇಂಥದ್ದಕ್ಕೆ ಯಾರನ್ನೂ ದೂರುವುದಿಲ್ಲ. "ಕೀ ತೆಗೆದಿಡೋದು ನಮ್ಮಲ್ಲಿ ಯಾರಿಗೆ ನೆನಪಾಗುತ್ತೆ ಆರ್ವಿಡ್? ನಂದೂ ಈಗ ಗಾಡಿಯಲ್ಲೇ ಇದೆ," ಅಂದ ಡೆಪ್ಯುಟಿ. ಬ್ರೇಕಿನ ಪಂಪು ನಾಲ್ಕು ದಿನದ ನಂತರ ಅಂಚೆಯಲ್ಲಿ ಬಂತು. ಡಬ್ಬ ಒಡೆದಿಲ್ಲ.

ಉಳಿದದ್ದನ್ನು ನೀನೇ ನೋಡಿದ್ದೀಯ. ಅವನಿಗೆ ಎಚ್ಚರವಾದಾಗ ನೀನು ಮಂಚದ ಕಾಲ ಬಳಿ ಇದ್ದೆ, ನಾನು ಬಾಗಿಲಲ್ಲಿ. ಅವನು ಮೊದಲು ನಿನ್ನನ್ನು ನೋಡಲಿಲ್ಲ, ಕೊರಿನ್‌ಳನ್ನೂ ನೋಡಲಿಲ್ಲ. "ಆರ್ವಿಡ್, ಅಪ್ಪನ ಗಾಡಿ ಹಾಳು ಮಾಡ್ಬಿಟ್ಟೆ ಕಣೋ. ತಪ್ಪಾಯ್ತು," ಅಂದ. ಅವನ ತುಟಿ ಓದಿಕೊಂಡು ನೀನು ಅತ್ತೆ. ಕೊರಿನ್ ಅತ್ತಳು. "ಹೋಗ್ಲಿ ಬಿಡೋ," ಅಂದೆ ನಾನು. ಮೂವತ್ತೊಂದು ವರ್ಷದ ಮೇಲೆ ನಾನಾಡಿದ ಮೊದಲ ಮಾತು ಅದು. ನಿನ್ನ ಕಾಗದದಲ್ಲಿ ಅದನ್ನು ಎರಡು ಗೆರೆ ಎಳೆದು ಬರೆದಿದ್ದೀಯ.

ನೀನು ಹೊರಟ ಮೇಲಿನ ಸುದ್ದಿ ಒಳ್ಳೆಯದೇ. ವಾರಕ್ಕೆ ಮೂರು ಸಲ ಹೋಗಿ ಕೂರುತ್ತೇನೆ. ಹುಲ್ಲನ್ನು ರೋಲಿಯೂ ಉಳಿದ ನೆರೆಯವರೂ ಸೇರಿ ಎರಡೂ ಮನೆಯದ್ದು ಕೊಯ್ದು ಕೊಟ್ಟರು. ಸೆವೆರಿನ್ ಮಾತಾಡುತ್ತಲೇ ಇರುತ್ತಾನೆ. ಇಷ್ಟು ಮಾತು ಅವನಲ್ಲಿತ್ತು ಎಂದು ಕೊರಿನ್‌ಗೂ ತಿಳಿದಿರಲಿಲ್ಲವಂತೆ. ಎಂಜಿನ್ನಿನ ವಿಷಯ ಮೊಳೆ ಮೊಳೆಯಾಗಿ ಕೇಳುತ್ತಾನೆ.

"ಪೆಡಲು ಕಲ್ಲಿನಂಗಿತ್ತಲ್ಲೋ, ಯಾಕೆ?" ಅಂತ ಕೇಳಿದ. ಹೀರುವ ಬಲದ ಕಥೆ ಹೇಳಿದೆ.

"ಓ, ಹೌದಲ್ಲ. ಡೀಸೆಲ್ಲಿಗೆ ಅದಿಲ್ಲ," ಅಂದ. "ನಂಗೆ ಹೊಳೀಬೇಕಿತ್ತು. ನಲವತ್ತು ವರ್ಷ ಡೀಸೆಲ್ ಟ್ರಾಕ್ಟರು ಓಡಿಸಿದೀನಿ. ಕೇಳಿ ತಗೊಂಡು ಹೋಗ್ಬೇಕಿತ್ತು ಕಣೋ."

"ಯಾರು ಕೇಳಿ ಒಯ್ತಾರೆ ಇಲ್ಲಿ," ಅಂದೆ.

"ಅದೂ ಸರಿ," ಅಂದ.

ಹರಾಜಿನ ವಿಷಯವೂ ಬಂತು. ಅವನೇ ತೆಗೆದ. ನೀನು ಯಾವತ್ತೂ ಒಂದು ದೊಡ್ಡ ಕಾರಣ ಇರಬೇಕು ಎನ್ನುತ್ತಿದ್ದೆ. ಇಲ್ಲ. "ನಂಗದು ಬೇಕಿತ್ತು ಕಣೋ, ಅಷ್ಟೇ," ಅಂದ. "ನಿಂಗೂ ಬೇಕು ಅಂತ ಗೊತ್ತಿತ್ತು. ಆದ್ರೂ ಬೇಕಿತ್ತು. ಹದಿನೆಂಟನೇ ತಾರೀಕು ಸ್ಟೇರಿಂಗ್ ಹಿಡಿದಾಗ ಒಂದ್ನಿಮಿಷ ಸಂತೋಷ ಆಯ್ತು ನೋಡು, ಕಾಲು ಹೋದ್ರೂ ಅದು ಸುಳ್ಳಲ್ಲ." ಹೀಗೆ ಹೇಳಿ ನಗುತ್ತಾನೆ. ನರ್ಸುಗಳಿಗೆಲ್ಲ ನನ್ನನ್ನು ತೋರಿಸಿ, "ಇವ್ನೇ ನನ್ನ ತಮ್ಮ. ಬ್ರೆಡ್ ವ್ಯಾನಿನ ಎಂಜಿನ್ನನ್ನ ಪಿಕಪ್ಪಿಗೆ ಹಾಕ್ದವನು," ಎಂದು ಹೇಳುತ್ತಾನೆ. ಹೆಮ್ಮೆಯಿಂದಲೇ ಹೇಳುತ್ತಾನೆ.

ಕೃತಕ ಕಾಲಿನ ಅಳತೆ ತೆಗೆದುಕೊಂಡಿದ್ದಾರೆ. ಈ ಗುರುವಾರ ಮನೆಗೆ ಬಿಡುತ್ತಾರಂತೆ. ಸೆಪ್ಟೆಂಬರಿನಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಇಬ್ಬರೂ ಬರಬೇಕೆಂದು ಬರೆದಿದ್ದೀಯ. ಅವನು ಈಗಲೇ ಕೊರಿನ್‌ಗೆ ಬಟ್ಟೆ ತೆಗೆದಿಡಲು ಹೇಳಿದ್ದಾನೆ.

ಗುಳಿಗೆ ಬಿಡಬೇಡ. ರಾತ್ರಿ ಕಿಟಕಿ ಪೂರ್ತಿ ತೆರೆದು ಮಲಗಬೇಡ. ದೇವರು ನಿನಗೆ ಇನ್ನೂ ಬಹಳ ವರ್ಷ ಕೊಡಲಿ, ಅದನ್ನು ನೋಡುವಷ್ಟು ನನಗೂ ಕೊಡಲಿ.

ನಿನ್ನ ಸಣ್ಣಣ್ಣ,
ಆರ್ವಿಡ್

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಿ, ಮತ್ತೆ ಒಡೆದಿದ್ದೇನೆ, ಹರಿದಿದ್ದರೆ ಅದಕ್ಕೇ.

"ಮಾಲೀಕ ಹತ್ತಿರ ಇರಲಿಲ್ಲ" ಎಂದು ಡೆಪ್ಯುಟಿ ಬರೆದುಕೊಂಡದ್ದು ನಾನು ಹೇಳಿದ್ದರಿಂದ. ಹಿಂದಿನ ಹೊಲದಲ್ಲಿ ಹುಲ್ಲಿನ ಯಂತ್ರದ ಹತ್ತಿರ ಇದ್ದೆ ಅಂದೆ. ಅರ್ಡಿಸ್‌ಗೂ ಹಾಗೇ ಹೇಳಿದ್ದೇನೆ. ನಾನು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದೆ ಥೋರಾ. ಪಿಕಪ್ಪಿಗೂ ನನಗೂ ಮೂವತ್ತು ಹೆಜ್ಜೆ. ಅಣ್ಣ ಅಂಗಳಕ್ಕೆ ಬರುವುದನ್ನು ನೋಡಿದೆ. ಟೋಪಿ ಕೈಯಲ್ಲಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅಂಗಳದ ನಡುವೆ ನಿಂತು ಮನೆಯ ಕಡೆ ನೋಡಿದ, ವರ್ಕ್‌ಶಾಪಿನ ಕಡೆ ನೋಡಿದ. ಎರಡು ಸಲ ಕೆಮ್ಮಿದ. ಕೆಮ್ಮು ಬಂದು ಕೆಮ್ಮಿದ್ದಲ್ಲ, ಯಾರಾದರೂ ಇದ್ದೀರಾ ಅಂತ. ನನಗೆ ಅದು ತಿಳಿಯಿತು. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲ ಮರೆಗೆ ಹೋದೆ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಹತ್ತಿ ಕೂತ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅದನ್ನು ಅವನು ಕೇಳಿಸಿಕೊಂಡನಲ್ಲ ಅಂತ ನನಗೆ ಹೆಮ್ಮೆಯಾಯಿತು. ಬ್ರೇಕು ನನ್ನ ತಲೆಯಲ್ಲಿ ಇರಲಿಲ್ಲ ಅಂತ ನಿನಗೆ ಬರೆಯಬಹುದಿತ್ತು. ಇತ್ತು. ಗೇಟು ತೆರೆಯಲು ನಿಲ್ಲಿಸುವಾಗ ಪೆಡಲು ಒತ್ತಿದರೆ ಅವನಿಗೇ ತಿಳಿಯುತ್ತದೆ, ವಾಪಸು ಬಂದು ಅವನೇ ಕೇಳಲಿ ಅಂದುಕೊಂಡೆ. ಗೇಟು ತೆರೆದಿದ್ದದ್ದು ಆಗ ನೆನಪಾಗಲಿಲ್ಲ. ಗಾಡಿ ನಿಲ್ಲದೆ ಹೋಯಿತು. ಆಮೇಲೂ ಓಡಿ ಕೂಗಿದ್ದರೆ ಕನ್ನಡಿಯಲ್ಲಿ ನಾನು ಕಾಣುತ್ತಿದ್ದೆ. ಧೂಳು ಇಳಿಯುವವರೆಗೆ ನಿಂತಿದ್ದೆ.

ಅವನು ನನ್ನಲ್ಲಿ ಕ್ಷಮೆ ಕೇಳಿದ, ನಾನು ಕೊಟ್ಟೆ. ನಿನ್ನ ಕಣ್ಣೆದುರಿಗೇ ಕೊಟ್ಟೆ.

ಗುರುವಾರ ಅವನನ್ನು ಕರೆತರಲು ಹೋಗುವವನು ನಾನು. ಬಿಲ್ಲಿಂಗ್ಸ್‌ನಿಂದ ಮನೆಗೆ ನಾಲ್ಕು ಗಂಟೆಯ ದಾರಿ. ಕೊರಿನ್ ಬರುತ್ತೇನೆ ಅಂದಳು, ಅರ್ಡಿಸ್ ಬರುತ್ತೇನೆ ಅಂದಳು. ಇಬ್ಬರಿಗೂ ಬೇಡ ಅಂದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವನಿಗೆ ಎಲ್ಲ ತಿಳಿದಿರುತ್ತದೆ. ಆಮೇಲೆ ಸೆಪ್ಟೆಂಬರಿನಲ್ಲಿ ನಿನ್ನ ಮನೆಗೆ ಇಬ್ಬರು ಬರುತ್ತಾರೋ ಒಬ್ಬನೇ ಬರುತ್ತಾನೋ, ಅದು ಅಣ್ಣ ಹೇಳಬೇಕು.